ಒಂದು ಶಿಲ್ಲಿಂಗಿನ ನಗೆ: ಅರಮನೆಯ ಕಲಹವೂ ವಿಡಂಬನ ಚಿತ್ರಗಳೂ

ಹದಿನೆಂಟನೆಯ ಶತಮಾನದ ಕೊನೆಯ ಭಾಗದ ಲಂಡನ್ನಿನ ವಿಡಂಬನ ಚಿತ್ರಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಒಂದೇ ತೀರ್ಪು ಕೊಡುತ್ತಾರೆ: ಅವು ಪ್ರಜೆಗಳ ನಗೆ, ಅರಮನೆಯ ನಡುಕ. ದೊರೆ ಮೂರನೆಯ ಜಾರ್ಜನಿಗೂ ಅವನ ಹಿರಿಯ ಮಗನಿಗೂ ನಡೆದ ಜಗಳವನ್ನು, ಆ ಮಗನಿಗೂ ಅವನ ಪತ್ನಿ ಕ್ಯಾರೋಲೀನಳಿಗೂ ನಡೆದ ಜಗಳವನ್ನು ತಾಮ್ರದ ತಗಡಿನ ಮೇಲೆ ಕೊರೆದು ಬೀದಿಗೆ ತಂದ ಕಲಾವಿದರನ್ನು ಅವರು ವಾಕ್‌ಸ್ವಾತಂತ್ರ್ಯದ ವೀರರೆಂದು ಬಣ್ಣಿಸುತ್ತಾರೆ. ಈ ಮಾತು ಕಿವಿಗೆ ಹಿತವಾಗಿದೆ. ಆದರೆ ಪರೀಕ್ಷೆಗೆ ನಿಲ್ಲುವುದಿಲ್ಲ.

ನಮ್ಮಲ್ಲಿ ತಾಮ್ರಶಾಸನವನ್ನು ಓದುವವರು ಮೊದಲು ಕೇಳುವ ಪ್ರಶ್ನೆಗಳು ಗೊತ್ತಿರುವವೇ: ಬರೆಸಿದವನು ಯಾರು? ಕಂಡರಿಸಿದವನು ಯಾರು? ದತ್ತಿ ಯಾರ ಕೈ ಸೇರಿತು? ಲಂಡನ್ನಿನ ತಾಮ್ರದ ತಗಡುಗಳಿಗೆ ಈ ಪ್ರಶ್ನೆಗಳನ್ನು ಹಾಕದೆ ಬಿಡುವುದಕ್ಕೆ ಕಾರಣವಿಲ್ಲ.

ಬೆಲೆಯಿಂದ ಆರಂಭಿಸೋಣ. ಇಂತಹ ಒಂದು ಚಿತ್ರಕ್ಕೆ ಬಣ್ಣವಿಲ್ಲದಿದ್ದರೆ ಸುಮಾರು ಒಂದು ಶಿಲ್ಲಿಂಗ್, ಕೈಯಿಂದ ಬಣ್ಣ ತುಂಬಿದ್ದರೆ ಅದರ ಇಮ್ಮಡಿ. ವಾರದ ಕೂಲಿಯನ್ನು ಕೆಲವೇ ಶಿಲ್ಲಿಂಗುಗಳಲ್ಲಿ ಎಣಿಸುತ್ತಿದ್ದ ಶ್ರಮಿಕ ಇದರ ಗ್ರಾಹಕನಲ್ಲ. ಹಾನಾ ಹಂಫ್ರಿಯ ಅಂಗಡಿಯಿದ್ದದ್ದು ಶ್ರೀಮಂತರ ಕೂಟಗಳ ನೆಲೆಯಾದ ಸೇಂಟ್ ಜೇಮ್ಸ್ ಬೀದಿಯಲ್ಲಿ. ಪಿಕಡಿಲಿಯ ಸ್ಯಾಮ್ಯುಯೆಲ್ ಫೋರ್ಸ್ ಚಿತ್ರಗಳ ಕಟ್ಟನ್ನು ಸಂಜೆಯ ಮಟ್ಟಿಗೆ ಬಾಡಿಗೆಗೂ ಕೊಡುತ್ತಿದ್ದ, ಅತಿಥಿಗಳ ವಿನೋದಕ್ಕೆ. ಅಂಗಡಿಯ ಕಿಟಕಿಯ ಮುಂದೆ ಬಡವರೂ ನಿಂತು ನೋಡುತ್ತಿದ್ದರೆಂಬ ಆಕ್ಷೇಪ ಬರಬಹುದು. ನಿಜ. ಜೇಮ್ಸ್ ಗಿಲ್ರೇ 1808ರಲ್ಲಿ ಹಂಫ್ರಿಯ ಕಿಟಕಿಯ ಮುಂದಿನ ನೋಟಕರನ್ನೇ ಚಿತ್ರಿಸಿದ್ದಾನೆ. ಆದರೆ ನೋಡಲು ಸಿಕ್ಕಿದ್ದು ಬೇರೆ, ಯಾರ ಅಭಿರುಚಿಗಾಗಿ ರಚಿತವಾಯಿತೆಂಬುದು ಬೇರೆ. ಅಪಹಾಸ್ಯಕ್ಕೆ ಗುರಿಯಾದ ಯುವರಾಜನೇ ಈ ಚಿತ್ರಗಳ ದೊಡ್ಡ ಗಿರಾಕಿಗಳಲ್ಲಿ ಒಬ್ಬ. ವಿಂಡ್ಸರ್ ಅರಮನೆಯಲ್ಲಿ ಶೇಖರವಾಗಿದ್ದ ಸಾವಿರಾರು ಚಿತ್ರಗಳನ್ನು 1921ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡುಕೊಂಡಿತು. ನಡುಗಿಸಿದ ವಸ್ತುವನ್ನು ಅರಮನೆ ಇಷ್ಟು ಜೋಪಾನವಾಗಿ ಕೂಡಿಡುತ್ತಿತ್ತೆ?

ಈಗ ಚಿತ್ರದೊಳಕ್ಕೆ ಬರೋಣ. 1792ರ ಜುಲೈ ತಿಂಗಳಲ್ಲಿ ಗಿಲ್ರೇ ಎರಡು ಜೋಡಿಚಿತ್ರಗಳನ್ನು ಹೊರತಂದ. ಒಂದರಲ್ಲಿ ಯುವರಾಜ: ಉಂಡು ಬೀಗಿದ ಹೊಟ್ಟೆ, ಮುಳ್ಳುಚಮಚದಿಂದ ಹಲ್ಲು ಕೆದಕುತ್ತಿರುವ ಕೈ, ಮೇಜಿನಡಿ ಖಾಲಿ ಸೀಸೆಗಳು, ಹಿಂದೆ ತೀರಿಸದ ಸಾಲದ ಚೀಟಿಗಳು. ಇನ್ನೊಂದರಲ್ಲಿ ತಂದೆ: ಬೇಯಿಸಿದ ಮೊಟ್ಟೆ, ತೇಪೆ ಹಾಕಿದ ಉಡುಪು, ಬೀಗ ಹಾಕಿದ ಪೆಟ್ಟಿಗೆ. ಮಗ ದುಂದುಗಾರ, ಅಪ್ಪ ಜಿಪುಣ. ರೇಖೆಯ ಸೂಕ್ಷ್ಮತೆ ಅಸಾಮಾನ್ಯ, ಅದನ್ನು ಅಲ್ಲಗಳೆಯಲಾಗದು. ಆದರೆ ಈ ಜೋಡಿ ನೋಡುಗನನ್ನು ಯಾವ ಪ್ರಶ್ನೆಯ ಮುಂದೆ ನಿಲ್ಲಿಸುತ್ತದೆ? ಅಪ್ಪನೋ ಮಗನೋ ಎಂಬುದರ ಮುಂದೆ. ದೊರೆತನವೇ ಏಕೆ ಎಂಬ ಪ್ರಶ್ನೆ ಹುಟ್ಟುವ ಮುನ್ನವೇ ಸಾಯುತ್ತದೆ. ರಾಜ್ಯದ ರೋಗ ಕುಟುಂಬದ ಸ್ವಭಾವದೋಷವಾಗಿ ಕುಗ್ಗುತ್ತದೆ. ಈ ಕುಗ್ಗುವಿಕೆಯನ್ನು ನಾವು ಧೈರ್ಯವೆಂದು ಕರೆಯುತ್ತಿದ್ದೇವೆ.

ಅದೇ ಗಿಲ್ರೇ 1787ರಲ್ಲಿ ಇದಕ್ಕಿಂತ ಕಠೋರವಾದುದನ್ನು ಬರೆದಿದ್ದ. ಅಲ್ಲಿ ದೊರೆ, ರಾಣಿ, ಯುವರಾಜ ಮೂವರೂ ಒಂದೇ ಪಾತ್ರೆಯಿಂದ ಚಿನ್ನ ಬಾಚಿ ತಿನ್ನುತ್ತಿದ್ದಾರೆ. ಪಾತ್ರೆಯ ಮೇಲಿರುವ ಹೆಸರು ಪ್ರಜೆಯ ನೆತ್ತರು. ಅದೇ ವರ್ಷ ಪಾರ್ಲಿಮೆಂಟು ಯುವರಾಜನ ಸಾಲಕ್ಕಾಗಿ 1,61,000 ಪೌಂಡುಗಳನ್ನು ಮಂಜೂರು ಮಾಡಿತ್ತು. ಜಗಳವಾಡುವವರು ಉಣ್ಣುವಾಗ ಒಂದೇ ಪಂಕ್ತಿ ಎಂಬುದನ್ನು ಈ ಚಿತ್ರ ಕಂಡಿತು. ಮನೆಜಗಳದ ಚಿತ್ರವನ್ನು ಅಳೆಯಬೇಕಾದ ಕೋಲು ಇದೇ: ಅದು ಬೊಕ್ಕಸದವರೆಗೆ ಹೋಗುತ್ತದೆಯೋ, ಊಟದ ಮೇಜಿನಲ್ಲೇ ನಿಲ್ಲುತ್ತದೆಯೋ?

ಕಲಾವಿದನ ನಿರ್ಭೀತಿಯ ಮಾತಿಗೂ ಲೆಕ್ಕವಿದೆ. ಗಿಲ್ರೇಗೆ 1797ರ ಕೊನೆಯಿಂದ ಕೆಲವು ವರ್ಷ ಸರಕಾರದಿಂದ ವರ್ಷಕ್ಕೆ 200 ಪೌಂಡುಗಳ ಗುಪ್ತ ವೇತನ ಸಂದಿತು. ಜಾರ್ಜ್ ಕ್ರೂಕ್‌ಶ್ಯಾಂಕ್ 1820ರಲ್ಲಿ 100 ಪೌಂಡು ಪಡೆದು, ಹೊಸ ದೊರೆ ನಾಲ್ಕನೆಯ ಜಾರ್ಜನನ್ನು ಅನೈತಿಕ ಸನ್ನಿವೇಶದಲ್ಲಿ ಚಿತ್ರಿಸುವುದಿಲ್ಲವೆಂದು ಮಾತು ಕೊಟ್ಟ. ಅದೇ ವರ್ಷ ವಿಲಿಯಂ ಹೋನ್‌ನ ಜತೆಗೂಡಿ, ಆ ದೊರೆಯ ದಾಂಪತ್ಯವನ್ನು ಏಣಿಯ ಮೆಟ್ಟಿಲುಗಳಾಗಿ ತೋರಿಸಿ ನಗೆಗೀಡುಮಾಡುವ ಪುಸ್ತಿಕೆಗೆ ಚಿತ್ರ ಬರೆದ. ಮಾತೂ ಮಾರಾಟಕ್ಕಿತ್ತು, ಮಾತು ಮುರಿಯುವುದೂ ಮಾರಾಟಕ್ಕಿತ್ತು.

ಆದರೂ 1820ನ್ನು ಕಡೆಗಣಿಸುವಂತಿಲ್ಲ. ಪತ್ನಿಯ ಪದವಿಯನ್ನು ಕಿತ್ತು ವಿವಾಹವನ್ನೇ ರದ್ದುಪಡಿಸುವ ಮಸೂದೆಯನ್ನು ದೊರೆ ಪಾರ್ಲಿಮೆಂಟಿಗೆ ತರಿಸಿದ. ಜನ ಕ್ಯಾರೋಲೀನಳ ಪರ ಬೀದಿಗಿಳಿದರು. ಹೋನ್‌ನ ಪುಸ್ತಿಕೆಯ ಚಿತ್ರಗಳು ಮರದಚ್ಚಿನವು. ಅಕ್ಷರಗಳೊಡನೆ ಒಂದೇ ಯಂತ್ರದಲ್ಲಿ ಸಾವಿರ ಸಾವಿರ ಅಚ್ಚಾಗಬಲ್ಲವು. ಇಲ್ಲಿ ಮನೆಜಗಳ ಕಾನೂನಿನ ಪ್ರಶ್ನೆಯಾಯಿತು. ಪ್ರಭುಗಳ ಸಭೆಯಲ್ಲಿ ಮಸೂದೆಗೆ ಒಂಬತ್ತೇ ಮತಗಳ ಹೆಚ್ಚಳ ದೊರೆತದ್ದರಿಂದ ನವೆಂಬರ್ 10ರಂದು ಅದನ್ನು ಕೈಬಿಡಬೇಕಾಯಿತು. ಈ ಗೆಲುವನ್ನು ಚಿತ್ರಗಳಿಗೊಂದಕ್ಕೇ ಕಟ್ಟುವುದು ಅತಿಶಯೋಕ್ತಿ. ಅವು ಅದರಲ್ಲಿ ಪಾಲುದಾರರೆಂಬುದು ಸತ್ಯ.

ಮರುವರ್ಷವೇ ಗಾಳಿ ತಿರುಗಿತು. ಹಾನಾಳ ಸೋದರಳಿಯ ಜಾರ್ಜ್ ಹಂಫ್ರಿಯ ಅಂಗಡಿ ಥಿಯೋಡರ್ ಲೇನನ ಕೈಯಿಂದ ಕ್ಯಾರೋಲೀನಳನ್ನೇ ಹೀನಾಯವಾಗಿ ಚಿತ್ರಿಸಿ ಮಾರಿತು: ಅವಳ ಸ್ಥೂಲದೇಹ, ಅವಳ ಇಟಲಿಯ ಸೇವಕ, ಅವಳ ಶೀಲ. 1821ರ ಜುಲೈ 19ರಂದು ಗಂಡನ ಪಟ್ಟಾಭಿಷೇಕದ ಬಾಗಿಲಿನಿಂದ ಅವಳನ್ನು ಹಿಂದಕ್ಕೆ ಕಳುಹಿಸಿದರು. ಆಗಸ್ಟ್ 7ರಂದು ತೀರಿಕೊಂಡಳು. ದೊರೆಗೆ ಸಿಂಹಾಸನ ಉಳಿಯಿತು, ಅಂಗಡಿಗೆ ಲಾಭ ಉಳಿಯಿತು. ನಗೆಯ ಸಾಲವನ್ನು ತೀರಿಸಿದವಳು ಹೆಣ್ಣು.

ಆದುದರಿಂದ ಸಂಶೋಧನ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು. ಈ ಚಿತ್ರಗಳನ್ನು ಪುಟದ ಅಲಂಕಾರವೆಂದೂ ಜನವಾಣಿಯೆಂದೂ ಬಳಸುವುದನ್ನು ನಿಲ್ಲಿಸಿ. ಅವು ಮಾತು ತುಂಬಿದ ಪಠ್ಯಗಳು. ಶೀರ್ಷಿಕೆಯೂ ಪಾತ್ರಗಳ ಬಾಯಿಂದ ಹೊರಟ ನುಡಿಯೂ ಅಲ್ಲಿವೆ. ಬ್ರಿಟಿಷ್ ಮ್ಯೂಸಿಯಂ ಸೂಚಿಗಾಗಿ ಡೊರೊತಿ ಜಾರ್ಜ್ 1935ರಿಂದ 1954ರವರೆಗೆ ಏಳು ಸಂಪುಟಗಳಲ್ಲಿ ಅವುಗಳನ್ನು ಒಂದೊಂದಾಗಿ ವಿವರಿಸಿದ್ದಾರೆ. ಆ ಶ್ರಮವನ್ನು ಹೊರಳಿಯೂ ನೋಡದೆ ತೀರ್ಪು ಕೊಡುವುದು ಪಾಂಡಿತ್ಯವಲ್ಲ. ಅರಸನನ್ನು ನೋಡಿ ನಕ್ಕವರೆಲ್ಲ ಅರಸೊತ್ತಿಗೆಯ ವಿರೋಧಿಗಳಲ್ಲ. ಯಾರು ನಕ್ಕರೆಂಬುದರ ಜತೆಗೆ, ಯಾರ ದುಡ್ಡಿನಿಂದ, ಯಾರ ಮೇಲೆ ಎಂಬುದನ್ನೂ ಬರೆದಾಗಲೇ ವಿಡಂಬನೆಯ ಇತಿಹಾಸ ಪೂರ್ಣವಾದೀತು.