ಮನೆವಾರ್ತೆ: ಪಾಟ್ಲಿ ಅಡವಿಟ್ಟು ಕ್ಯಾಮೆರಾ ಕೊಳ್ಳಬೇಕೆ?



ಮನೆಯ ಆಯವ್ಯಯ, ಮಕ್ಕಳ ವಿದ್ಯಾಭ್ಯಾಸ, ಹಿರಿಯರ ಆರೈಕೆ ಮುಂತಾದ ವಿಷಯಗಳನ್ನು ಕುರಿತು ಬರೆಯುತ್ತ ಬಂದಿರುವ ನಾವು ಈ ತಿಂಗಳು ಕ್ಯಾಮೆರಾದ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಒಂದು ಮನೆಯ ಬಂಗಾರವು ಅಡವಿಗೆ ಹೊರಟು ನಿಂತಾಗ ಕ್ಯಾಮೆರಾದ ಮಾತೂ ಸಂಸಾರದ ಮಾತೇ ಆಗುತ್ತದೆ.

ನಮ್ಮ ಸೋದರಳಿಯನೊಬ್ಬನು ಹಾವೇರಿಯ ಕಡೆಯಿಂದ ಹೋಗಿ ಆರು ವರ್ಷಗಳಿಂದ ಮಣಿಪಾಲದಲ್ಲಿ ನೆಲೆಸಿದ್ದಾನೆ. ಮದುವೆ, ನಾಮಕರಣ, ಗೃಹಪ್ರವೇಶಗಳ ಛಾಯಾಚಿತ್ರ ತೆಗೆಯುವುದೇ ಅವನ ಕಾಯಕ. ಕಳೆದ ಮೇ ತಿಂಗಳಿನಲ್ಲಿ ಅವನು ತೆಗೆದ ಒಂದು ಮದುವೆಯ ಚಿತ್ರಗಳು ಮಂಕಾಗಿಯೂ ಕಾಳುಕಾಳಾಗಿಯೂ ಬಂದವೆಂದು ಆ ಮನೆಯವರು ಒಪ್ಪಿದ ಹಣದಲ್ಲಿ ಮೂರನೆಯ ಒಂದು ಭಾಗವನ್ನು ಹಿಡಿದುಕೊಂಡರು. ಅಂದಿನಿಂದ ಹುಡುಗನ ಬಾಯಲ್ಲಿ ಒಂದೇ ಮಾತು, ಫುಲ್‌ಫ್ರೇಮ್. ಹೊಸ ಕ್ಯಾಮೆರಾ ಒಂದು, ಅದಕ್ಕೆ 16–35, 24–70, 70–200 ಎಂಬ ಮೂರು ಲೆನ್ಸುಗಳು. ಒಟ್ಟು ನಾಲ್ಕು ಲಕ್ಷ ರೂಪಾಯಿಗಳ ಪಟ್ಟಿ. ಕೈಯಲ್ಲಿದ್ದುದು ಒಂದು ಲಕ್ಷ. ಉಳಿದುದಕ್ಕೆ ತಾಯಿಯ ಪಾಟ್ಲಿಗಳನ್ನೂ ಸರವನ್ನೂ ಅಡವಿಡುವುದೆಂದು ಮಾತಾಯಿತು. ನಮ್ಮ ಅಕ್ಕ ಇಲ್ಲವೆನ್ನಲಿಲ್ಲ. “ಬಂಗಾರ ಇರೂದು ಮಕ್ಕಳ ಸಲುವಾಗೇ. ಆದರ ನೀ ಒಮ್ಮೆ ಹೋಗಿ ನೋಡಿ ಬಾ, ತಮ್ಮಾ” ಎಂದಷ್ಟೇ ಹೇಳಿದಳು. ದೀಪಾವಳಿ ಕಳೆದ ಮೇಲೆ ನಾವು ಮಣಿಪಾಲಕ್ಕೆ ಹೊರಟೆವು.

ಮೊದಲು ಈ ಫುಲ್‌ಫ್ರೇಮ್ ಎಂಬುದು ಏನೆಂದು ತಿಳಿಯೋಣ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬಾತನು 1913ರ ಸುಮಾರಿಗೆ ಸಿನಿಮಾದ 35 ಮಿಲಿಮೀಟರ್ ರೀಲನ್ನು ಅಡ್ಡಲಾಗಿ ಓಡಿಸುವ ಪುಟ್ಟ ಕ್ಯಾಮೆರಾವೊಂದನ್ನು ರಚಿಸಿದನು. 1925ರಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಅದರಲ್ಲಿ ಮೂಡುವ ಚಿತ್ರದ ಅಳತೆ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಮುಂದೆ ರೀಲಿನ ಕಾಲವೆಲ್ಲ ಹೆಚ್ಚಾಗಿ ಇದೇ ಅಳತೆಯಲ್ಲಿ ಸಾಗಿತು. ಡಿಜಿಟಲ್ ಕಾಲ ಬಂದಾಗ ರೀಲಿನ ಸ್ಥಾನದಲ್ಲಿ ಸೆನ್ಸರ್ ಎಂಬ ಸಿಲಿಕಾನಿನ ತುಂಡು ಬಂದಿತಷ್ಟೆ. ತುಂಡು ದೊಡ್ಡದಾದಷ್ಟೂ ಒಂದು ಬಿಲ್ಲೆಯಲ್ಲಿ ದೊರೆಯುವ ಸಂಖ್ಯೆ ಕಡಿಮೆ. ಎಲ್ಲಿಯೋ ಒಂದು ದೋಷ ಬಿದ್ದರೂ ಆ ಇಡೀ ತುಂಡು ವ್ಯರ್ಥ. ಆದಕಾರಣ ಸಾಮಾನ್ಯರ ಕ್ಯಾಮೆರಾಗಳಿಗೆ ಸುಮಾರು 23.5 ಮಿಲಿಮೀಟರ್ ಉದ್ದ, 15.6 ಮಿಲಿಮೀಟರ್ ಅಗಲದ ಚಿಕ್ಕ ಸೆನ್ಸರನ್ನೇ ಹಾಕಿದರು. ಇದನ್ನು ಬಳಕೆಯಲ್ಲಿ ಕ್ರಾಪ್ ಸೆನ್ಸರ್ ಎನ್ನುತ್ತಾರೆ. 2005ರಲ್ಲಿ ಕ್ಯಾನನ್ 5ಡಿ ಬಂದ ಮೇಲೆ ಪೂರ್ಣ ಅಳತೆಯ ಸೆನ್ಸರು ಮದುವೆ ಛಾಯಾಗ್ರಾಹಕರ ಕೈಗೆ ನಿಲುಕತೊಡಗಿತು. ಇದೇ ಫುಲ್‌ಫ್ರೇಮ್.

ಇದರಿಂದಾಗುವ ಲಾಭವೇನು? ಮಳೆಗಾಲದಲ್ಲಿ ಅಂಗಳದೊಳಗೆ ಒಂದು ಚೊಂಬನ್ನೂ ಒಂದು ಪರಾತವನ್ನೂ ಇಟ್ಟರೆ ಒಂದೇ ಮಳೆಗೆ ಪರಾತದಲ್ಲಿ ಹೆಚ್ಚು ನೀರು ಕೂಡುತ್ತದೆ. ಫುಲ್‌ಫ್ರೇಮ್ ಸೆನ್ಸರಿನ ಹರವು ಕ್ರಾಪ್ ಸೆನ್ಸರಿಗಿಂತ ಸುಮಾರು 2.3 ಪಟ್ಟು ಹೆಚ್ಚು. ಅಷ್ಟು ಪಟ್ಟು ಬೆಳಕು ಅದರಲ್ಲಿ ಕೂಡುತ್ತದೆ. ಮಂದ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುವುದು ಆ ಮಟ್ಟಿಗೆ ತಗ್ಗುತ್ತದೆ. ಆದರೆ ಮಳೆಯೇ ತುಂತುರಾಗಿ ಬಿದ್ದರೆ ಪರಾತವಾದರೂ ಏನು ಮಾಡೀತು? ಕ್ಯಾಮೆರಾದೊಳಗೆ ಬೆಳಕಿನ ಮಳೆ ಸುರಿಸುವುದು ಲೆನ್ಸು. ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದರ ಕಣ್ಣು ಅಗಲ. ಅಳಿಯನ ಹಳೆಯ 18–55 ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಅದರ ಕಣ್ಣು ಎಫ್ 5.6ರಷ್ಟೇ ತೆರೆಯುತ್ತಿತ್ತು. ಎಫ್ 1.8ರ ಲೆನ್ಸು ಅದಕ್ಕಿಂತ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕನ್ನು ಒಳಗೆ ಬಿಡುತ್ತದೆ. ಸೆನ್ಸರಿನಿಂದ 2.3 ಪಟ್ಟು, ಲೆನ್ಸಿನಿಂದ 9 ಪಟ್ಟು. ಈ ಎರಡು ಸಂಖ್ಯೆಗಳನ್ನು ಓದುಗರು ನೆನಪಿನಲ್ಲಿಡಬೇಕು.

ಇಷ್ಟನ್ನು ಬಾಯಿಯಲ್ಲಿ ಹೇಳಿದರೆ ಹುಡುಗರು ನಂಬುವುದಿಲ್ಲ. ಆದ್ದರಿಂದ ಫುಲ್‌ಫ್ರೇಮ್ ಕ್ಯಾಮೆರಾವೊಂದನ್ನು 24–105 ಲೆನ್ಸಿನ ಸಹಿತ ಮೂರು ದಿನಗಳ ಮಟ್ಟಿಗೆ ಬಾಡಿಗೆಗೆ ತಂದೆವು. ಜೊತೆಗೆ ಹಳೆಯ ಕ್ಯಾಮೆರಾಕ್ಕೆ ನೇರವಾಗಿಯೂ ಹೊಸದಕ್ಕೆ ಅಡಾಪ್ಟರಿನ ಮೂಲಕವೂ ಹೊಂದುವ 50 ಮಿಲಿಮೀಟರಿನ ಎಫ್ 1.8 ಲೆನ್ಸೊಂದನ್ನು ತೆಗೆದುಕೊಂಡೆವು. ಎರಡು ಕ್ಯಾಮೆರಾಗಳೂ 24 ಮೆಗಾಪಿಕ್ಸೆಲಿನವೇ.

ಮೊದಲನೆಯ ಸಂಜೆ ಉಡುಪಿಯ ರಥಬೀದಿಗೆ ಹೋದೆವು. ಶ್ರೀಕೃಷ್ಣ ಮಠದ ಸುತ್ತ ಅಷ್ಟಮಠಗಳಿರುವ ಆ ಬೀದಿಯಲ್ಲಿ ಹಿಂದೆ ಸರಿಯಲು ಜಾಗ ಸಾಲದು. ಫುಲ್‌ಫ್ರೇಮಿನಲ್ಲಿ 24ರ ಲೆನ್ಸು ಬೀದಿಯನ್ನು ಅಗಲವಾಗಿ ಹಿಡಿಯಿತು. ಹಳೆಯ ಕ್ಯಾಮೆರಾದ 18 ಎಂಬುದು ವಾಸ್ತವವಾಗಿ 27ರಷ್ಟೇ ಕಾಣುತ್ತದೆ. ಏಕೆಂದರೆ ಕ್ರಾಪ್ ಸೆನ್ಸರಿನಲ್ಲಿ ಲೆನ್ಸಿನ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಬೇಕು. ಇಲ್ಲಿ ಹೊಸದೇ ಗೆದ್ದಿತೆಂದು ಅಳಿಯ ಹಿಗ್ಗಿದನು. ಆದರೆ ದೀಪಗಳು ಹೊತ್ತಿದ ಮೇಲೆ ಹಳೆಯ 18–55ರಲ್ಲಿ ತೆಗೆದ ಚಿತ್ರಗಳನ್ನು ನೋಡಿದಾಗ ಪ್ರತಿಯೊಂದು ದೀಪದ ಸುತ್ತಲೂ ಹಾಲು ಚೆಲ್ಲಿದಂಥ ಮಬ್ಬು ಕಂಡಿತು. ಇದು ಸೆನ್ಸರಿನ ದೋಷವೆಂದು ನಮಗೆ ಅನಿಸಲಿಲ್ಲ.

ಆ ರಾತ್ರಿ ಮಣಿಪಾಲದ ಕೋಣೆಯಲ್ಲಿ ದೀಪ ಆರಿಸಿ, ಲೆನ್ಸಿನ ಹಿಂದಿನಿಂದ ಬ್ಯಾಟರಿ ಬೆಳಕು ಬಿಟ್ಟು ನೋಡಿದೆವು. ಒಳಗಿನ ಗಾಜಿನ ಅಂಚಿನಿಂದ ನಡುವಿನವರೆಗೆ ಜೇಡರ ಬಲೆಯಂತೆ ಎಳೆಎಳೆಯಾದ ಬೂಷ್ಟು! ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಹಾವೇರಿಯಲ್ಲಿ ಬೆಳೆದ ಹುಡುಗನು ಅಲ್ಲಿಯ ರೂಢಿಯಂತೆ ಕ್ಯಾಮೆರಾವನ್ನು ಚೀಲದಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟುಬಿಡುತ್ತಿದ್ದನು. ಕತ್ತಲೆ, ತೇವ, ಗಾಳಿಯಿಲ್ಲದ ಚೀಲ. ಬೂಷ್ಟಿಗೆ ಇನ್ನೇನು ಬೇಕು? ವೇದಿಕೆಯ ದೀಪಗಳು ಎದುರಾದಾಗ ಆ ಮೇ ತಿಂಗಳಿನ ಮದುವೆಯ ಚಿತ್ರಗಳು ಮಂಕಾದ ಕಾರಣ ಈಗ ತಿಳಿಯಿತು. ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಮಾವ, ಹಂಗಾದ್ರ ಅವರು ರೊಕ್ಕ ಹಿಡಿದದ್ದು ತಪ್ಪಲ್ಲ” ಎಂದನು. ಆ ಮಾತು ನಮಗೆ ಮೆಚ್ಚುಗೆಯಾಯಿತು.

ಮರುದಿನ ಬೆಳಿಗ್ಗೆ ಕಾರ್ಕಳಕ್ಕೆ ಹೋದೆವು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಬಾಹುಬಲಿಯ ಪಾದದ ಬಳಿ ನಿಂತು 24ರ ಲೆನ್ಸಿನಿಂದ ಮೇಲೆ ನೋಡಿ ತೆಗೆದರೆ, ಪಾದಗಳು ದೊಡ್ಡವಾಗಿ, ಶಾಂತವಾದ ಆ ಮುಖವು ಪುಟ್ಟದಾಗಿ, ಮೂರ್ತಿಯೇ ಹಿಂದಕ್ಕೆ ವಾಲಿದಂತೆ ಕಂಡಿತು. ಅಗಲ ಲೆನ್ಸು ಇದ್ದ ಮಾತ್ರಕ್ಕೆ ದೊಡ್ಡ ವಸ್ತುವೆಲ್ಲ ಚೆನ್ನಾಗಿ ಬರುವುದಿಲ್ಲ. ದೂರ ನಿಲ್ಲುವುದೇ ಅದಕ್ಕೆ ಮದ್ದು. 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯ ಕಡೆಯಿಂದ ದೂರದ ಲೆನ್ಸಿನಲ್ಲಿ ಬೆಟ್ಟದ ಮೇಲಣ ಮೂರ್ತಿಯನ್ನು ಹಿಡಿದಾಗ ಅಳತೆಗಳೆಲ್ಲ ಸರಿಯಾಗಿ ಕೂಡಿಬಂದವು. ಅಲ್ಲಿ ಇನ್ನೊಂದು ಸಂಗತಿ ಕಂಡೆವು. ಅಳಿಯನ ಬಳಿಯಿದ್ದ 70–300 ಲೆನ್ಸು ಹಳೆಯ ಕ್ಯಾಮೆರಾದಲ್ಲಿ 450ರಷ್ಟು ಹತ್ತಿರ ಎಳೆದು ತೋರಿಸಿತು. ಫುಲ್‌ಫ್ರೇಮಿನಲ್ಲಿ ಅದು 300 ಮಾತ್ರ. ಹಕ್ಕಿಗಳ ಚಿತ್ರ ತೆಗೆಯುವ ಮಕ್ಕಳಿರುವ ಮನೆಯವರು ಇದನ್ನು ಗಮನಿಸಬೇಕು. ದೂರದ ವಸ್ತುವಿಗೆ ಕ್ರಾಪ್ ಸೆನ್ಸರು ಕೊರತೆಯಲ್ಲ, ಅನುಕೂಲವೇ.

ಸಂಜೆಗೆ ಕಾಪುವಿನ ಕಡಲ ತೀರಕ್ಕೆ ಬಂದೆವು. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ, ಹಿಂದೆ ಮುಳುಗುವ ಸೂರ್ಯ. ಟ್ರೈಪಾಡಿನ ಮೇಲಿಟ್ಟು, ಒಂದೇ 50ರ ಲೆನ್ಸನ್ನು ಎರಡು ಕ್ಯಾಮೆರಾಗಳಿಗೂ ತೊಡಿಸಿ, ಹಳೆಯದಕ್ಕಾಗಿ ಮರಳಿನಲ್ಲಿ ಕೊಂಚ ಹಿಂದೆ ಸರಿದು, ಕೆಲವು ಸೆಕೆಂಡುಗಳ ಕಾಲ ಬೆಳಕು ಬಿಟ್ಟು ಚಿತ್ರ ತೆಗೆದೆವು. ಮಾರನೆಯ ದಿನ ಎರಡನ್ನೂ ಮದುವೆಯ ಆಲ್ಬಮ್ಮಿನ 12 × 18 ಅಂಗುಲದ ಅಳತೆಯಲ್ಲಿ ಅಚ್ಚು ಹಾಕಿಸಿ, ಅಳಿಯನ ಮನೆಯ ಮಾಲೀಕರ ಶ್ರೀಮತಿಯವರ ಮುಂದಿಟ್ಟು, ಬೆಲೆಬಾಳುವ ಕ್ಯಾಮೆರಾದ ಚಿತ್ರ ಯಾವುದೆಂದು ಕೇಳಿದೆವು. ಆ ತಾಯಿ ಹಳೆಯ ಕ್ಯಾಮೆರಾದ ಚಿತ್ರವನ್ನೇ ಎತ್ತಿದರು! ಅಲುಗದ ವಸ್ತು, ಅಲುಗದ ಟ್ರೈಪಾಡು, ಬೇಕಾದಷ್ಟು ಸಮಯ ಇವು ಇದ್ದಲ್ಲಿ ಸೆನ್ಸರಿನ ಅಂತರ ಅಚ್ಚಿನಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಆ ಅಳತೆಯ ಹಾಳೆಗೆ ಸುಮಾರು 20 ಮೆಗಾಪಿಕ್ಸೆಲ್ ಇದ್ದರೆ ಸಾಕು.

ಮೂರನೆಯ ರಾತ್ರಿ ಉಡುಪಿಯಲ್ಲಿ ಒಂದು ಆರತಕ್ಷತೆ. ಇಲ್ಲಿ ಯಾರೂ ಅಲುಗದೆ ನಿಲ್ಲುವುದಿಲ್ಲ. ಹಳೆಯ ಕ್ಯಾಮೆರಾಕ್ಕೆ 50ರ ಎಫ್ 1.8 ಲೆನ್ಸು ತೊಡಿಸಿ ತೆಗೆದ ಚಿತ್ರಗಳು, ಫುಲ್‌ಫ್ರೇಮಿನಲ್ಲಿ ಎಫ್ 4ರ 24–105ರಿಂದ ತೆಗೆದವುಗಳಿಗಿಂತ ಸ್ವಚ್ಛವಾಗಿ ಬಂದವು. ಆದರೆ ಸತ್ಯವನ್ನು ಮುಚ್ಚಿಡಬಾರದು. ಅದೇ 50ರ ಲೆನ್ಸನ್ನು ಫುಲ್‌ಫ್ರೇಮಿಗೆ ತೊಡಿಸಿದಾಗ ದೊರೆತ ಚಿತ್ರಗಳೇ ಎಲ್ಲಕ್ಕಿಂತ ಮಿಗಿಲು. ಸಭಾಂಗಣದ ಹಿಂದಿನ ಸಾಲಿನ ಮಬ್ಬಿನಲ್ಲಿ ಕುಳಿತ ಅಜ್ಜಿಯೊಬ್ಬರ ಮುಖದ ಸುಕ್ಕುಗಳು ಸಹ ಕರಗದೆ ಉಳಿದಿದ್ದವು. ಯಕ್ಷಗಾನವನ್ನೋ, ಎರಡು ವರ್ಷಗಳಿಗೊಮ್ಮೆ ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ಹೊರಡುವ ಪರ್ಯಾಯದ ಮೆರವಣಿಗೆಯನ್ನೋ ತೆಗೆಯುವವನಿಗೆ ಈ ಸಾಧನವು ಆಡಂಬರವಲ್ಲ. ಹುಡುಗನ ಆಸೆ ತಪ್ಪಾಗಿರಲಿಲ್ಲ, ಕ್ರಮ ತಪ್ಪಾಗಿತ್ತು.

ಪಟ್ಟಿಯಲ್ಲಿದ್ದ ಮೂರು ಲೆನ್ಸುಗಳ ಗತಿಯೇನು? ಪ್ರತಿಯೊಂದು ಡಿಜಿಟಲ್ ಚಿತ್ರದಲ್ಲಿಯೂ ಅದನ್ನು ಲೆನ್ಸಿನ ಯಾವ ಸಂಖ್ಯೆಯಲ್ಲಿ ತೆಗೆಯಲಾಯಿತೆಂಬುದು ದಾಖಲಾಗಿರುತ್ತದೆ. ಅಳಿಯನ ಗಣಕದಲ್ಲಿ ಹಿಂದಿನ ವರ್ಷದ ಮದುವೆಗಳನ್ನು ತೆರೆದು ಲೆಕ್ಕ ಹಾಕಿಸಿದೆವು. ಬಹುಪಾಲು ಚಿತ್ರಗಳು 30ರಿಂದ 55ರ ನಡುವೆ, ಎಂದರೆ ಫುಲ್‌ಫ್ರೇಮಿನ ಲೆಕ್ಕದಲ್ಲಿ 45ರಿಂದ 80ರ ನಡುವೆ ಇದ್ದವು. 16–35ರ ಅಗಲ ಬೇಕಾದ ಚಿತ್ರಗಳು ಬೆರಳೆಣಿಕೆಯಷ್ಟು. 70–200 ಬೇಕಾದ ದಿನ ಬಾಡಿಗೆಗೆ ತಂದರಾಯಿತು. ಹಳೆಯ 18–55ನ್ನು ಫುಲ್‌ಫ್ರೇಮಿಗೆ ಹಾಕಿ ನೋಡಿದಾಗ ಅದು ಇಡೀ ಸೆನ್ಸರನ್ನು ಮುಚ್ಚಲಾರದೆ, ಕ್ಯಾಮೆರಾವು ಅಂಚುಗಳನ್ನು ಕತ್ತರಿಸಿ ಸುಮಾರು 10 ಮೆಗಾಪಿಕ್ಸೆಲಿನ ಚಿತ್ರ ಕೊಟ್ಟಿತು. ಆದುದರಿಂದ ಇನ್ನು ಮುಂದೆ ಕೊಳ್ಳುವ ಯಾವುದೇ ಲೆನ್ಸು ಫುಲ್‌ಫ್ರೇಮಿಗೆಂದೇ ಮಾಡಿದುದಾಗಿರಬೇಕು. ಇಂದು ಹಳೆಯ ಕ್ಯಾಮೆರಾದಲ್ಲಿ ದುಡಿದು, ನಾಳೆ ಹೊಸದಕ್ಕೂ ಒದಗುತ್ತದೆ.

ಕೊನೆಗೆ ನಿರ್ಧಾರವಾದುದು ಹೀಗೆ. ಈಗ 50ರ ಎಫ್ 1.8 ಲೆನ್ಸೊಂದನ್ನು ಕೊಳ್ಳುವುದು. ಬೂಷ್ಟು ಹಿಡಿದ ಲೆನ್ಸನ್ನು ರಿಪೇರಿಯವರಲ್ಲಿ ಬಿಚ್ಚಿಸಿ ತೊಳೆಸುವುದು. ತೇವವನ್ನು 40ರಿಂದ 50 ಶೇಕಡಾದೊಳಗೆ ಕಾಯುವ ವಿದ್ಯುತ್ ಪೆಟ್ಟಿಗೆಯೊಂದನ್ನು ತರುವುದು. ಅಷ್ಟು ಶಕ್ತಿಯಿಲ್ಲದವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಅದರ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿಕೊಂಡರೂ ನಡೆದೀತು. ಕಡಲತೀರದಿಂದ ಬಂದೊಡನೆ ಉಪ್ಪಿನಂಶ ಹೋಗುವಂತೆ ಕ್ಯಾಮೆರಾವನ್ನು ತುಸು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಗಾಳಿಯಲ್ಲಿ ಲೆನ್ಸು ಬದಲಿಸಬಾರದು. ಇವೆಲ್ಲಕ್ಕೂ ಕೈಯಲ್ಲಿದ್ದ ಲಕ್ಷದಲ್ಲಿ ಅರ್ಧವೂ ಬೇಡವಾಯಿತು. ಈ ಮದುವೆಯ ಕಾಲ ಮುಗಿದ ಮೇಲೆ, ದುಡಿದ ಹಣದಿಂದಲೇ, ರಸೀದಿ ಸಹಿತವಾದ ಫುಲ್‌ಫ್ರೇಮ್ ಕ್ಯಾಮೆರಾವೊಂದನ್ನೂ 24–105 ಲೆನ್ಸನ್ನೂ ಕೊಳ್ಳುವುದು. ಬಳಸಿದ್ದನ್ನು ಕೊಳ್ಳುವುದಾದರೆ ಶಟರು ಎಷ್ಟು ಸಲ ಓಡಿದೆಯೆಂದು ವಿಚಾರಿಸಬೇಕು. ಲೆನ್ಸಿನೊಳಗೆ ಬೆಳಕು ಬಿಟ್ಟು ನೋಡಿಯೇ ಹಣ ಕೊಡಬೇಕು.

ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಲೆಯ ಬಳಿಗೂ ಬಿಡದೆ ಹಿಂದಕ್ಕೆ ಕಳುಹಿದ ಕಥೆಯನ್ನು ನಾವೆಲ್ಲ ಬಾಲ್ಯದಿಂದಲೂ ಕೇಳಿದ್ದೇವೆ. ಆಕೆ ಅಕ್ಕಿಯೇ ಬೇಡವೆನ್ನಲಿಲ್ಲ. ಇಂದಿನ ಕಾಯಕಕ್ಕೆ ಎಷ್ಟು ಬೇಕೋ ಅಷ್ಟು ಸಾಕೆಂದಳು. ಸಾಧನವನ್ನು ಕೊಳ್ಳುವಾಗಲೂ ಆ ತಾಯಿಯ ಅಳತೆಯೇ ನಮಗಿರಲಿ. ಕಾಯಕ ಬೆಳೆದಂತೆ ಸಾಧನ ಬೆಳೆಯಲಿ; ಸಾಧನದ ಸಾಲ ತೀರಿಸಲು ಕಾಯಕವು ಏದುಸಿರು ಬಿಡುವಂತಾಗದಿರಲಿ.

ಹಾವೇರಿಗೆ ಮರಳಿ ಅಕ್ಕನಿಗೆ ವಿಷಯ ತಿಳಿಸಿದಾಗ ಆಕೆ ಪಾಟ್ಲಿಗಳ ಮಾತನ್ನೇ ಎತ್ತಲಿಲ್ಲ. “ಅಂವ ಸಪ್ಪಗಾಗಿಲ್ಲ ಹೌದಲ್ಲೋ?” ಎಂದು ಕೇಳಿದಳು. ಆಗಿಲ್ಲವೆಂದೆವು. ಸಂಕ್ರಾಂತಿಗೆ ಊರಿಗೆ ಬಂದಾಗ ಆ 50ರ ಲೆನ್ಸಿನಿಂದ ಮೊದಲು ತಾಯಿಯದೇ ಒಂದು ಚಿತ್ರ ತೆಗೆಯಬೇಕೆಂದು ಅಳಿಯನಿಗೆ ಹೇಳಿ ಬಂದಿದ್ದೇವೆ. ಊರವರ ಮದುವೆಗಳನ್ನೆಲ್ಲ ತೆಗೆದ ಆ ಹುಡುಗನ ಬಳಿ ಹೆತ್ತವಳ ಒಂದು ಒಳ್ಳೆಯ ಚಿತ್ರ ಇದುವರೆಗೂ ಇರಲಿಲ್ಲ. ಓದುಗ ಬಂಧುಗಳ ಮನೆಗಳಲ್ಲಿಯೂ ಹೀಗಿರಬಹುದು. ಅದಕ್ಕೆ ಹೊಸ ಕ್ಯಾಮೆರಾ ಬೇಕಿಲ್ಲ. ಹಿರಿಯರನ್ನು ಬಾಗಿಲಿನ ಬೆಳಕಿಗೆ ಕೂರಿಸಿದರೆ ಸಾಕು.