ಗೆರೆಯಲ್ಲಿ ಬರೆದ ಕೌಜಲಗಿ

ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುವ ಗೃಹಿಣಿ ಎಳೆ ಎಣಿಸಿ ಸೂಜಿ ಚುಚ್ಚುತ್ತಾಳೆ. ಅದೇ ಗೋಪುರ ನಾಲ್ಕು ಪಟ್ಟು ದೊಡ್ಡದಾಗಿ ಬೇಕೆಂದರೆ ಎಣಿಕೆಯನ್ನೆಲ್ಲ ಹೊಸದಾಗಿ ಹೂಡಬೇಕು. ಇದ್ದ ಹೊಲಿಗೆಯನ್ನೇ ಹಿಗ್ಗಿಸಿದರೆ ಅಂಚು ಮೆಟ್ಟಿಲು ಮೆಟ್ಟಿಲಾದೀತು. ಆಕೆಯೇ ಅಂಗಳದಲ್ಲಿ ರಂಗೋಲಿಯ ಬಳ್ಳಿ ಎಳೆಯುವಾಗ ಈ ತೊಡಕಿಲ್ಲ. ಎಲ್ಲಿಂದ ಹೊರಟು, ಎತ್ತ ಬಾಗಿ, ಎಲ್ಲಿ ನಿಲ್ಲಬೇಕೆಂಬುದನ್ನು ಕೈ ಬಲ್ಲುದಾದರೆ ಅಂಗೈಯಗಲವೂ ಅಷ್ಟೆ, ಅಂಗಳದಗಲವೂ ಅಷ್ಟೆ.

ಗಣಕಯಂತ್ರವೂ ಚಿತ್ರವನ್ನು ಈ ಎರಡು ಬಗೆಯಲ್ಲಿ ಬರೆದಿಡುತ್ತದೆ. ಚುಕ್ಕೆಗಳ ಚಿತ್ರ ಕಸೂತಿಯಂತೆ, ವೆಕ್ಟರ್ ಚಿತ್ರ ರಂಗೋಲಿಯಂತೆ. ಎರಡನೆಯದರಲ್ಲಿ ಉಳಿಯುವುದು ಬಾಗುಗೆರೆಗಳ ಸೂತ್ರ ಮಾತ್ರ. ಈ ಸೂತ್ರಗಳು ಹುಟ್ಟಿದ್ದು ಚಿತ್ರಶಾಲೆಯಲ್ಲಲ್ಲ. ಕಾರಿನ ಮೈಯ ತಿರುವುಗಳನ್ನು ಅಳತೆಗೆ ತರಲು ಹೆಣಗುತ್ತಿದ್ದ ಫ್ರಾನ್ಸಿನ ಕಾರ್ಖಾನೆಗಳಲ್ಲಿ. ಸಿಟ್ರೊಯೆನ್ ಸಂಸ್ಥೆಯ ಪಾಲ್ ದ ಕಾಸ್ತಲ್ಜೊ 1959ರಲ್ಲಿಯೇ ಇದರ ಮರ್ಮವನ್ನು ಕಂಡಿದ್ದರೂ ಸಂಸ್ಥೆ ಅದನ್ನು ಗುಟ್ಟಾಗಿಟ್ಟಿತು. ರೆನೊ ಸಂಸ್ಥೆಯ ಪಿಯರ್ ಬೆಜಿಯೆ 1960ರ ದಶಕದಲ್ಲಿ ಬಹಿರಂಗಪಡಿಸಿದುದರಿಂದ ಗೆರೆಗೆ ಅವರ ಹೆಸರೇ ನಿಂತಿತು. ಗುಟ್ಟು ಕಾದವರಿಗೆ ಕೀರ್ತಿ ತಡವಾಗಿ ಬಂದಿತು. 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಈ ಗೆರೆಯನ್ನು ಮುದ್ರಣಕ್ಕೆ ತಂದಿತು. 2001ರಲ್ಲಿ ಎಸ್‌ವಿಜಿ ಎಂಬ ವಿಧಾನ ಅಂತರಜಾಲಕ್ಕೆ ಮಾನ್ಯವಾಯಿತು.

ಬೆಳಗಾವಿ ಜಿಲ್ಲೆಯ ಕೌಜಲಗಿಯಲ್ಲಿ ತರುಣನೊಬ್ಬ, ಗೋಕಾಕ, ಹುಕ್ಕೇರಿಗಳಿಗೆ ಹೋಗುವ ಬಸ್ಸುಗಳ ದಾರಿ ತೋರಿಸುವ ಆ್ಯಪ್ ಒಂದನ್ನು ಕಟ್ಟಲು ಹೊರಟನೆನ್ನೋಣ. ಚುಕ್ಕೆಗಳ ಚಿತ್ರವಾದರೆ ಬಸ್ಸಿನ ಒಂದು ಗುರುತನ್ನೇ ಬಗೆಬಗೆಯ ಫೋನುಗಳಿಗಾಗಿ 24, 36, 48, 72, 96 ಚುಕ್ಕೆಗಳ ಐದು ಅಳತೆಗಳಲ್ಲಿ ಸಿದ್ಧಪಡಿಸಬೇಕು. ವೆಕ್ಟರ್ ಆದರೆ ಒಂದೇ ಸಾಕು. ಗಣಿತವನ್ನು ತಾನೇ ಬರೆಯಬೇಕಾಗಿಯೂ ಇಲ್ಲ. ಕೈರೊ, ಸ್ಕಿಯಾ, ಕ್ಯೂಟಿ ಮುಂತಾದ ಸಿದ್ಧ ಟೂಲ್‌ಕಿಟ್‌ಗಳಿವೆ. ಸೂತ್ರವನ್ನು ಕೊಟ್ಟರೆ ಪರದೆಯ ಮೇಲೆ ಗೆರೆ ಮೂಡಿಸುತ್ತವೆ. ರಸ್ತೆ, ಬಸ್ಸು, ನಿಲ್ದಾಣದ ಗುರುತು ಎಲ್ಲವೂ ಚೊಕ್ಕವಾಗಿ ಬರುತ್ತವೆ.

ತೊಡಕು ಬರುವುದು ಊರಿನ ಹೆಸರು ಬರೆಯುವಾಗ. ಯುನಿಕೋಡ್ ಲೆಕ್ಕದಲ್ಲಿ 'ಕೌಜಲಗಿ' ಎಂಬುದು ಆರು ಸಂಕೇತಗಳು: ಕಕಾರ, ಔತ್ವ, ಜಕಾರ, ಲಕಾರ, ಗಕಾರ, ಗುಡಿಸು. ಕಣ್ಣಿಗೆ ಕಾಣಬೇಕಾದುದು ನಾಲ್ಕೇ ಅಕ್ಷರ. 'ಹುಕ್ಕೇರಿ'ಯಂತೂ ಎಂಟು ಸಂಕೇತ, ಮೂರು ಅಕ್ಷರ. ಅಲ್ಲಿ ಎರಡನೆಯ ಕಕಾರ ಕೆಳಗಿಳಿದು ಒತ್ತಾಗಬೇಕು. ಅದರ ಬಳಿಕ ಬಂದ ಏತ್ವ ಮಾತ್ರ ಮೇಲಿನ ಕಕಾರದ ತಲೆಗೇರಬೇಕು. ದೀರ್ಘ ಪಕ್ಕಕ್ಕೆ ಸರಿಯಬೇಕು. ಈ ಜೋಡಣೆ ಗೆರೆ ಎಳೆಯುವ ಟೂಲ್‌ಕಿಟ್‌ನ ಕೆಲಸವಲ್ಲ. ಹಾರ್ಫ್‌ಬಜ್‌ನಂತಹ ಬೇರೊಂದು ತಂತ್ರಾಂಶ ಅದನ್ನು ಮಾಡಬೇಕು. ಎರಡನ್ನೂ ಕೂಡಿಸದೆ ಬಿಟ್ಟರೆ ಗುಡಿಸು ಒಂದು ಕಡೆ, ಗಕಾರ ಒಂದು ಕಡೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ಲೋಪ ಕಾಣುವುದೇ ಇಲ್ಲ.

ಬೇಸತ್ತವರು ಹಿಡಿಯುವ ಅಡ್ಡದಾರಿಯೊಂದುಂಟು. ಸರಿಯಾಗಿ ಮೂಡಿದ ಹೆಸರನ್ನು ಬೇರೆಡೆ ಬರೆದು, ಅದನ್ನೂ ಬರಿಯ ಗೆರೆಗಳನ್ನಾಗಿ ಮಾರ್ಪಡಿಸಿ ಚಿತ್ರದಲ್ಲಿ ಸೇರಿಸುವುದು. 2014ರಿಂದ ಆ್ಯಂಡ್ರಾಯ್ಡ್ ಫೋನುಗಳಲ್ಲಿರುವ ವೆಕ್ಟರ್ ಚಿತ್ರದ ಏರ್ಪಾಡಿನಲ್ಲಿ ಅಕ್ಷರಕ್ಕೆ ಸ್ಥಾನವೇ ಇಲ್ಲದ್ದರಿಂದ ಅಲ್ಲಿ ಇದು ಅನಿವಾರ್ಯವೂ ಹೌದು. ಒತ್ತು, ದೀರ್ಘಗಳೆಲ್ಲ ಸ್ವಸ್ಥಾನ ಸೇರುತ್ತವೆ. ಆದರೆ ಹೆಸರು ಹೆಸರಾಗಿ ಉಳಿಯುವುದಿಲ್ಲ. ಹುಡುಕಿದರೆ ಸಿಗದು. ಕಣ್ಣು ಕಾಣದ ಪ್ರಯಾಣಿಕ ಬೆರಳಿಟ್ಟರೆ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಮೌನವಾಗಿರುತ್ತದೆ. ಬಸ್ಸು ಕೌಜಲಗಿಗೋ ಹುಕ್ಕೇರಿಗೋ, ಆತ ಪಕ್ಕದವರನ್ನು ಕೇಳಬೇಕು. ಅಂದದ ಅಕ್ಷರಕ್ಕಾಗಿ ತೆತ್ತ ಈ ಬೆಲೆ ಹೆಚ್ಚಾಯಿತೆಂದೇ ಹೇಳಬೇಕು.

ಪರಿಹಾರ ಕಠಿಣವೇನಲ್ಲ. ಎಸ್‌ವಿಜಿ ಕಡತದಲ್ಲಿ ಚಿತ್ರದೊಡನೆ ಶೀರ್ಷಿಕೆಯನ್ನೂ ವಿವರಣೆಯನ್ನೂ ಬರೆದಿಡಲು ಎಡೆಯಿದೆ; ಆ್ಯಂಡ್ರಾಯ್ಡ್‌ನಲ್ಲಿಯೂ ಚಿತ್ರಕ್ಕೆ ವಿವರಣೆ ಅಂಟಿಸಬಹುದು. ಅದಕ್ಕಿಂತ ಲೇಸಾದುದು, ಅಕ್ಷರ ಜೋಡಿಸಬಲ್ಲ ಟೂಲ್‌ಕಿಟ್ಟನ್ನೇ ಮೊದಲು ಆರಿಸಿಕೊಳ್ಳುವುದು. ಆರಿಸುವ ಮುನ್ನ 'ಕೌಜಲಗಿ', 'ಹುಕ್ಕೇರಿ' ಎಂಬೆರಡು ಹೆಸರುಗಳನ್ನು ಅದರಿಂದ ಬರೆಯಿಸಿ ನೋಡಿದರೆ ಸಾಕು. ಐದು ನಿಮಿಷದ ಕೆಲಸ.