48 ಮೊಟ್ಟೆಯ ಪೆಟ್ಟಿಗೆ ಕೊಳ್ಳುವ ಮುಂಚೆ...

ಖರಾಡಿಯ ನಮ್ಮ ಕನ್ನಡದವರಲ್ಲಿ ಐವತ್ತು ದಾಟಿದ ಬಹಳ ಜನರಿಗೆ ಈಗ ಒಂದೇ ಕನಸು. ರಿಟೈರಾದ ಮೇಲೆ ಊರಿನ ಹೊಲದಲ್ಲಿ ನಾಲ್ಕು ಕೋಳಿ. ಕೆಲವರಿಗೆ ಅಷ್ಟು ದಿನ ಕಾಯುವ ತಾಳ್ಮೆಯೂ ಇಲ್ಲ. ಈಗಲೇ ಒಂದು ಇನ್‌ಕ್ಯುಬೇಟರ್ ತರಿಸಿ ಊರಲ್ಲಿರುವ ಅಣ್ಣನಿಗೋ, ವಾಘೋಲಿ ಆಚೆ ಕೊಂಡ ತುಂಡು ಜಾಗಕ್ಕೋ ಸಾಗಿಸುವ ಆತುರ. ಬ್ಯಾಂಕಿನವನಿಗೆ ಲೆಕ್ಕ ಗೊತ್ತಿರುತ್ತೆ ಅಂತ ನನ್ನನ್ನು ಕೇಳ್ತಾರೆ, "48 ಮೊಟ್ಟೆಯದು ತಗೊಳ್ಳಲೋ, 96ರದೋ?"

ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ ಅನ್ನೋದು ನನ್ನ ವಾದ. ಮರಿ ಹೊರಬಂದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು?

ಒಂದು ಅಂದಾಜು ಹಾಕೋಣ. 48 ಮೊಟ್ಟೆ ಇಟ್ಟಿರಿ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದಾಗ ಎಂಟು ಬರೀ ಖಾಲಿ. ಉಳಿದ 40ರಲ್ಲಿ 30 ಮರಿಯಾದರೆ ಮನೆಮಟ್ಟಿಗೆ ಒಳ್ಳೆಯ ಫಲ. ಆ ಮೂವತ್ತರಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜ! ಯಾವ ಪೆಟ್ಟಿಗೆಯೂ ಇದನ್ನು ಬದಲಿಸುವುದಿಲ್ಲ. ಹದಿನೈದು ಹುಂಜಗಳನ್ನು ಏನು ಮಾಡ್ತೀರಿ? ಮಾರುವುದೋ, ಕೊಯ್ಯುವುದೋ, ಮೊದಲೇ ತೀರ್ಮಾನವಾಗಬೇಕು. ಫ್ಲಾಟಿನ ಬಾಲ್ಕನಿಯಲ್ಲಿ ಸಾಕುವ ಆಸೆಯಿದ್ದರೆ ಈಗಲೇ ಬಿಡಿ. ಬೆಳಗಿನ ಜಾವ ನಾಲ್ಕಕ್ಕೆ ಹುಂಜ ಕೂಗಿದ ಮೇಲೆ ಸೊಸೈಟಿಯ ಮೀಟಿಂಗ್ ಹೇಗಿರುತ್ತೆ ಅಂತ ನಿಮಗೇ ಗೊತ್ತು.

ಊರಲ್ಲಿ ನಾಟಿ ಕೋಳಿ ಇದ್ದರೆ ಪೆಟ್ಟಿಗೆ ಬೇಕೇ ಅಂತಲೂ ಯೋಚಿಸಿ. ಕಾವಿಗೆ ಕೂತ ಕೋಳಿಗೆ ಮರಾಠಿಯವರು ಖುಡೂಕ್ ಅಂತಾರೆ. ಹತ್ತು ಹನ್ನೆರಡು ಮೊಟ್ಟೆ ಕೊಟ್ಟು ಬುಟ್ಟಿಯಲ್ಲಿ ಕೂರಿಸಿದರೆ ತಿರುಗಿಸುವುದು, ಬಿಸಿ ಕಾಯುವುದು, ಆಮೇಲೆ ಮರಿಗಳನ್ನು ಹದ್ದಿನಿಂದ ಕಾಪಾಡುವುದು ಎಲ್ಲ ಅವಳದೇ. ಕರೆಂಟ್ ಬಿಲ್ಲೂ ಇಲ್ಲ. ಆದರೆ ಕಾವು, ಮರಿ ಅಂತ ಅವಳು ಎರಡು ಮೂರು ತಿಂಗಳು ಮೊಟ್ಟೆ ಇಡೋದಿಲ್ಲ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ತಳಿಗಳಿಗಂತೂ ಕಾವಿಗೆ ಕೂರುವ ಗುಣವೇ ಕಡಿಮೆ. ಯಂತ್ರಕ್ಕೆ ನ್ಯಾಯವಾದ ಕಾರಣ ಇವೆರಡೇ.

ಸರಿ, ಕೊಳ್ಳಲೇಬೇಕು ಅನ್ನಿ. ಹಾಗಾದರೆ ಒಳಗೆ ಫ್ಯಾನ್ ಇರುವುದನ್ನೇ ತಗೊಳ್ಳಿ. ಫ್ಯಾನ್ ಇದ್ದರೆ ಎಲ್ಲ ಮೂಲೆಯಲ್ಲೂ 37.5 ಡಿಗ್ರಿ ಸೆಲ್ಸಿಯಸ್ ಸಿಗುತ್ತೆ, ಇಲ್ಲದಿದ್ದರೆ ಮೇಲೊಂದು ಬಿಸಿ, ಕೆಳಗೊಂದು ಬಿಸಿ. ಪರದೆಯ ಮೇಲಿನ ಅಂಕಿಯನ್ನು ನಂಬಬೇಡಿ. ಮನೆಯಲ್ಲಿರುವ ಜ್ವರದ ಥರ್ಮಾಮೀಟರನ್ನೇ ಮೊಟ್ಟೆಯ ಪಕ್ಕ ಇಟ್ಟು ತಾಳೆ ನೋಡಿ. ಹಳೆಯ ಕಾಲದ ಈಜಿಪ್ಟಿನ ಮಣ್ಣಿನ ಕಾವುಮನೆಗಳಲ್ಲಿ ಮೊಟ್ಟೆಯನ್ನು ಕಣ್ಣ ರೆಪ್ಪೆಗೆ ಒತ್ತಿ ಬಿಸಿ ಅಳೆಯುತ್ತಿದ್ದರಂತೆ! ಸ್ವಲ್ಪ ಹೊತ್ತು ತಣ್ಣಗಾದರೆ ಭ್ರೂಣ ತಡೆದುಕೊಳ್ಳುತ್ತೆ, ಬಿಸಿ ಏರಿದರೆ ತಡೆಯೋದಿಲ್ಲ.

ನೀರಿನ ತಟ್ಟೆಯದು ಇನ್ನೊಂದು ಕಥೆ. ಮೊದಲ 18 ದಿನ ತೇವಾಂಶ ಶೇಕಡಾ 50-55, ಕೊನೆಯ ಮೂರು ದಿನ 65-70 ಅಂತ ಪುಸ್ತಕದ ಲೆಕ್ಕ. ಪುಣೆಯ ಏಪ್ರಿಲ್ಲಿನ ಒಣ ಹವೆಗೂ ಜುಲೈನ ಮಳೆಗೂ ಒಂದೇ ಪ್ರಮಾಣದ ನೀರು ಸಾಲೋದಿಲ್ಲ. ನನಗೆ ಹಿಡಿಸಿದ್ದು ತಕ್ಕಡಿ. 50 ಗ್ರಾಂ ಮೊಟ್ಟೆ 18ನೇ ದಿನಕ್ಕೆ ಸುಮಾರು 6 ಗ್ರಾಂ ಕಳೆದುಕೊಂಡಿರಬೇಕು. ಹೆಚ್ಚು ಇಳಿದಿದ್ದರೆ ಒಣಗಿದೆ, ಕಡಿಮೆ ಇಳಿದಿದ್ದರೆ ತೇವ ಜಾಸ್ತಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ತಾನೇ ಮೊಟ್ಟೆ ತಿರುಗಿಸುವ ವ್ಯವಸ್ಥೆಗೆ ಹೆಚ್ಚು ಹಣ ಕೊಡಿ, ಊರಲ್ಲಿ ವಯಸ್ಸಾದವರು ದಿನಕ್ಕೆ ಐದು ಸಲ ಎದ್ದು ತಿರುಗಿಸಲಾರರು. 18ನೇ ದಿನ ಅದನ್ನು ನಿಲ್ಲಿಸಬೇಕು. 12 ವೋಲ್ಟ್ ಬ್ಯಾಟರಿಗೂ ಓಡುವುದಾದರೆ ಇನ್ನೂ ಒಳ್ಳೆಯದು. ಇಲ್ಲಿ ಗುರುವಾರದ ರಿಪೇರಿಗೆ ಕರೆಂಟ್ ತೆಗೆದರೆ ನಾವು ಗೊಣಗಿ ಸುಮ್ಮನಾಗ್ತೀವಿ, ಹಳ್ಳಿಯಲ್ಲಿ ಯಾವಾಗ ಹೋಗಿ ಯಾವಾಗ ಬರುತ್ತೋ... ಖರ್ಚಿನ ಭಯ ಬೇಡ. 80 ವಾಟಿನ ಪೆಟ್ಟಿಗೆ ಒಂದು ಕ್ಷಣವೂ ಆರದೆ 21 ದಿನ ಉರಿದರೂ ಸುಮಾರು 40 ಯೂನಿಟ್, ನಿಜದಲ್ಲಿ ಅದಕ್ಕಿಂತ ಕಡಿಮೆ. ಥರ್ಮಾಕೋಲ್ ಡಬ್ಬಿ ಬಿಸಿ ಚೆನ್ನಾಗಿ ಹಿಡಿಯುತ್ತೆ, ಆದರೆ ಮರಿಯಾದ ಮೇಲೆ ತೊಳೆಯೋದು ಕಷ್ಟ.

ಅಂಗಡಿಯ ಬಿಳಿ ಮೊಟ್ಟೆ ತಂದು ಇಡಬೇಡಿ ಮಾರಾಯ್ರೆ! ಫಾರಂನಲ್ಲಿ ಹುಂಜವೇ ಇರೋದಿಲ್ಲ, ಮರಿ ಎಲ್ಲಿಂದ ಬರಬೇಕು? ಗಾವರಾನ್ ಅಂತ ದುಬಾರಿಗೆ ಮಾರುವ ಕಂದು ಮೊಟ್ಟೆಯೂ ಅಷ್ಟೆ, ಚಿಪ್ಪಿನ ಬಣ್ಣ ನೋಡಿ ಫಲಿತವೋ ಅಲ್ಲವೋ ಹೇಳಲಾಗದು. ಹುಂಜದ ಜೊತೆ ಇರುವ ಕೋಳಿಯ, ವಾರದೊಳಗಿನ, ತೊಳೆಯದ ಮೊಟ್ಟೆ ಬೇಕು. ದೂರದಿಂದ ಬಸ್ಸಿನಲ್ಲಿ ಬಂದಿದ್ದರೆ ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ಮನೆ ಇಡಿ.

ಹಾಗಾಗಿ ಮೊದಲ ಸಲ 48ರದನ್ನೇ ಕೊಂಡರೂ 20 ಮೊಟ್ಟೆ ಮಾತ್ರ ಇಡಿ. ಉಳಿದ ದುಡ್ಡನ್ನು ಮರಿಗಳ ಗೂಡಿಗೆ ಎತ್ತಿಡಿ. ಮೊದಲ ವಾರ ಅಲ್ಲೂ 35 ಡಿಗ್ರಿ ಬಿಸಿ ಬೇಕು, ರಾಣಿಖೇತ್ ರೋಗದ ಲಸಿಕೆ ಬೇಕು. ಲಸಿಕೆಯ ಬಾಟಲಿ ಬರುವುದೇ ನೂರಾರು ಡೋಸಿನದು, ಇಪ್ಪತ್ತು ಮರಿಗೆ ಒಡೆದು ಉಳಿದದ್ದನ್ನು ಚೆಲ್ಲಬೇಕು. ಚೆಲ್ಲಿ, ಆದರೆ ಹಾಕಿಸಿ.

ಇನ್ನು ಬ್ಯಾಂಕಿನ ಮಿತ್ರರಿಗಾಗಿ ಒಂದು ಮಾತು. ತಿಂಗಳ ಮೊದಲ ಶನಿವಾರ ಸಂಜೆ ಮೊಟ್ಟೆ ಇಟ್ಟರೆ 21ನೇ ದಿನ ನಾಲ್ಕನೇ ಶನಿವಾರವೇ ಬೀಳುತ್ತೆ. 2015ರ ಸೆಪ್ಟೆಂಬರಿನಿಂದ ಅವತ್ತು ನಮಗೆ ರಜೆ.